ನೆಲ ಡೊಂಕಿದ್ದರೂ ಇರಬಹುದು

2026ರ ಫೆಬ್ರುವರಿ 8ರಂದು ಸಿಯಾಟಲ್ ಸೀಹಾಕ್ಸ್ ತಂಡ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡವನ್ನು 29-13ರಿಂದ ಸೋಲಿಸಿ, ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದಿತು. ಗೆದ್ದ ತಂಡದ ಕ್ವಾರ್ಟರ್‌ಬ್ಯಾಕ್ ಸ್ಯಾಮ್ ಡಾರ್ನಾಲ್ಡ್. ನ್ಯೂಯಾರ್ಕ್, ಕೆರೊಲೈನಾ, ಸ್ಯಾನ್ ಫ್ರಾನ್ಸಿಸ್ಕೊ, ಮಿನೆಸೋಟ ಎಂದು ನಾಲ್ಕು ತಂಡಗಳ ಬಾಗಿಲು ದಾಟಿ ಬಂದವರು. ಸಿಯಾಟಲ್ ಪಕ್ಕದಲ್ಲೇ ವಾಸವಾಗಿರುವ ನನಗೆ ಈ ಗೆಲುವು ತಂದ ಸಂತೋಷ ದೊಡ್ಡದು. ಆದರೆ ಆ ಇಡೀ ಋತುವಿನಲ್ಲಿ ನನ್ನ ಮನಸ್ಸು ಮತ್ತೆ ಮತ್ತೆ ಹೋಗುತ್ತಿದ್ದದ್ದು ನಮ್ಮ ಕರ್ನಾಟಕದ ಕ್ರಿಕೆಟಿಗ ಕರುಣ್ ನಾಯರ್ ಅವರ ಕಡೆಗೆ.

ಈ ಆಟ ನೋಡದವರಿಗಾಗಿ ಸ್ವಲ್ಪ ಹೇಳುತ್ತೇನೆ. ಆಕ್ರಮಣಕ್ಕಿಳಿದ ತಂಡದಲ್ಲಿ ಪ್ರತಿ ಸಲವೂ ಚೆಂಡು ಬಹುಮಟ್ಟಿಗೆ ಕ್ವಾರ್ಟರ್‌ಬ್ಯಾಕ್‌ನ ಕೈಗೇ ಬರುತ್ತದೆ. ಮುಂದೆ ನಿಂತ ಐದು ಜನ ದಢೂತಿ ಆಟಗಾರರು ಎದುರಾಳಿಗಳನ್ನು ಎರಡೂವರೆ, ಮೂರು ಸೆಕೆಂಡು ತಡೆದು ನಿಲ್ಲಿಸಬೇಕು. ಅಷ್ಟರೊಳಗೆ ಓಡುತ್ತಿರುವ ಜೊತೆಗಾರರಲ್ಲಿ ಯಾರು ಬಿಡುವಾಗಿ ಸಿಗುತ್ತಾರೆಂದು ನೋಡಿ ಆತ ಚೆಂಡು ಎಸೆಯಬೇಕು. ತಡೆಯುವವರು ಎಡವಿದರೆ ಪೆಟ್ಟು ಬೀಳುವುದು ಆತನಿಗೆ. ಪಂದ್ಯ ಸೋತರೆ ದಾಖಲೆಯಲ್ಲಿ ಸೋಲು ಸೇರುವುದೂ ಆತನ ಹೆಸರಿಗೆ. ಇನ್ನೊಂದು ಸಂಗತಿಯೂ ಇದೆ. ಕಾಲೇಜಿನಿಂದ ಬರುವ ಹೊಸ ಹುಡುಗರನ್ನು ಆರಿಸುವಾಗ ಹಿಂದಿನ ವರ್ಷ ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಅವಕಾಶ. ನ್ಯಾಯವಾದ ಪದ್ಧತಿಯೇ ಸರಿ. ಆದರೆ ಅದರಿಂದಾಗಿ ಅತ್ಯಂತ ಭರವಸೆಯ ಹುಡುಗ ಅತ್ಯಂತ ಅಸ್ತವ್ಯಸ್ತ ಮನೆಗೆ ಹೋಗಿ ಸೇರುತ್ತಾನೆ.

2018ರಲ್ಲಿ ಮೂರನೆಯವರಾಗಿ ಆಯ್ಕೆಯಾದ ಡಾರ್ನಾಲ್ಡ್ ಹಾಗೆಯೇ ನ್ಯೂಯಾರ್ಕ್ ಜೆಟ್ಸ್ ಸೇರಿದರು. ಆಗ ವಯಸ್ಸು ಇಪ್ಪತ್ತೊಂದು. ವೃತ್ತಿಪರ ಪಂದ್ಯದಲ್ಲಿ ಅವರು ಎಸೆದ ಮೊಟ್ಟಮೊದಲ ಚೆಂಡನ್ನೇ ಎದುರಾಳಿ ಹಿಡಿದು ಓಡಿ ಅಂಕ ಗಳಿಸಿದ. ಮುಂದಿನ ವರ್ಷ ಮುಖ್ಯ ಕೋಚ್ ಬದಲಾದರು, ಆಟದ ಯೋಜನೆಯೂ ಬದಲಾಯಿತು. 2019ರ ಅಕ್ಟೋಬರ್ 21ರ ರಾತ್ರಿ ಇದೇ ಪೇಟ್ರಿಯಟ್ಸ್ ವಿರುದ್ಧ ಜೆಟ್ಸ್ 33-0ರಿಂದ ಸೋತಿತು. ಡಾರ್ನಾಲ್ಡ್ ಎಸೆದ ನಾಲ್ಕು ಚೆಂಡುಗಳು ಎದುರಾಳಿಗಳ ಕೈ ಸೇರಿದವು. ನಡುವೆ ಬೆಂಚಿನ ಮೇಲೆ ಕೂತು, ‘ನನಗೆ ದೆವ್ವಗಳು ಕಾಣಿಸುತ್ತಿವೆ’ ಎಂದರು. ಎದುರಾಳಿಗಳಿಲ್ಲದ ಕಡೆಯಲ್ಲೂ ಎದುರಾಳಿಗಳು ಕಾಣುತ್ತಿದ್ದಾರೆ ಎಂಬ ಆ ಅಳಲು ಅಂಗಿಯಲ್ಲಿದ್ದ ಮೈಕಿನ ಮೂಲಕ ದೇಶದ ಟಿ.ವಿ.ಗಳಲ್ಲೆಲ್ಲ ಕೇಳಿಸಿತು. ಸಣ್ಣ ವಯಸ್ಸಿನ ಆಟಗಾರ ತನ್ನವರ ಬಳಿ ಹೇಳಿಕೊಂಡ ಭಯ ಅದು. ಅದನ್ನು ಪ್ರಸಾರ ಮಾಡಿದ್ದು ಇಂದಿಗೂ ನನಗೆ ತಪ್ಪಾಗಿಯೇ ಕಾಣುತ್ತದೆ. ವರ್ಷಗಟ್ಟಲೆ ಆ ಮಾತು ಅವರ ಹಣೆಪಟ್ಟಿಯಾಗಿ ಉಳಿಯಿತು.

‘ಕುಣಿಯಲಾರದವಳು ನೆಲ ಡೊಂಕು ಎಂದಳಂತೆ’ ಎನ್ನುವ ಗಾದೆಯನ್ನು ನಾವೆಲ್ಲ ಕೇಳಿಯೇ ಬೆಳೆದವರು. ಸೋತವನು ನೆಪ ಹೇಳಬಾರದು ಎನ್ನುವುದು ಒಳ್ಳೆಯ ಪಾಠವೇ. ಆದರೆ ಆ ಗಾದೆಯ ಬಲದಿಂದ ನಾವು ನೆಲವನ್ನು ಬಗ್ಗಿ ನೋಡುವುದನ್ನೇ ಬಿಟ್ಟಿದ್ದೇವೆ. ಜೆಟ್ಸ್ ತಂಡದವರೂ ನೋಡಲಿಲ್ಲ. 2021ರಲ್ಲಿ ಡಾರ್ನಾಲ್ಡ್ ಅವರನ್ನು ಕೆರೊಲೈನಾಗೆ ಸಾಗಹಾಕಿ, ಅದೇ ತಿಂಗಳು ಜ್ಯಾಕ್ ವಿಲ್ಸನ್ ಎಂಬ ಮತ್ತೊಬ್ಬ ಹುಡುಗನನ್ನು ಎರಡನೆಯ ಆಯ್ಕೆಯಲ್ಲಿ ತಂದರು. ಅವರದ್ದೂ ಅದೇ ಪಾಡಾಯಿತು. ಅದಕ್ಕೂ ಮೊದಲು ಜೆಟ್ಸ್ ಕೈಬಿಟ್ಟಿದ್ದ ಜೀನೋ ಸ್ಮಿತ್ ಸಿಯಾಟಲ್‌ಗೆ ಬಂದು, ಮೂರು ಋತು ಮೀಸಲು ಆಟಗಾರರಾಗಿ ಕಾದು, 2022ರಲ್ಲಿ 30 ಟಚ್‌ಡೌನ್ (ಅಂಕ ತರುವ ಎಸೆತ) ಎಸೆದು, ಆ ವರ್ಷದ ಅತ್ಯುತ್ತಮ ಪುನರಾಗಮನದ ಪ್ರಶಸ್ತಿ ಪಡೆದರು.

ಮಿನೆಸೋಟದ ಕೋಚ್ ಕೆವಿನ್ ಓಕಾನೆಲ್ ಇದನ್ನು ಬಾಯಿಬಿಟ್ಟು ಹೇಳಿದರು: ಯುವ ಕ್ವಾರ್ಟರ್‌ಬ್ಯಾಕ್‌ಗಳು ಸಂಸ್ಥೆಯ ಕೈಬಿಡುವ ಮೊದಲೇ ಸಂಸ್ಥೆಗಳು ಅವರ ಕೈಬಿಟ್ಟಿರುತ್ತವೆ. ಅವರ ಬಳಿ 2024ರಲ್ಲಿ ಡಾರ್ನಾಲ್ಡ್ 14 ಪಂದ್ಯ ಗೆದ್ದುಕೊಟ್ಟರು. ನಂತರ ಸಿಯಾಟಲ್ ಮೂರು ವರ್ಷದ ಒಪ್ಪಂದ ಮಾಡಿಕೊಂಡಿತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅವರ ಆಟವನ್ನು ಹತ್ತಿರದಿಂದ ಕಂಡಿದ್ದ ಕ್ಲಿಂಟ್ ಕ್ಯೂಬಿಯಾಕ್ ಇಲ್ಲಿ ಆಕ್ರಮಣದ ಹೊಣೆ ಹೊತ್ತಿದ್ದರು. 2025ರ ನವೆಂಬರಿನಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ವಿರುದ್ಧ ಡಾರ್ನಾಲ್ಡ್ ಮತ್ತೆ ನಾಲ್ಕು ಚೆಂಡು ಕಳೆದುಕೊಂಡು ಪಂದ್ಯ ಸೋತಾಗ, ಹಳೆಯ ಕಥೆ ಮರುಕಳಿಸಿತೆಂದು ಎಲ್ಲರೂ ಷರಾ ಬರೆಯಲು ಕಾದಿದ್ದರು. ಆಗ ರಕ್ಷಣಾ ವಿಭಾಗದ ಅರ್ನೆಸ್ಟ್ ಜೋನ್ಸ್ ಪತ್ರಕರ್ತರ ಮುಂದೆ ನಿಂತು, ಪ್ರತಿ ಪಂದ್ಯದಲ್ಲೂ ನಮ್ಮನ್ನು ಪೈಪೋಟಿಯಲ್ಲಿ ಉಳಿಸಿದವನೇ ಆತ ಎಂದು ಬೈಗುಳವನ್ನೂ ಸೇರಿಸಿ ಗುಡುಗಿದರು. ಅದೇ ರ‍್ಯಾಮ್ಸ್ ತಂಡವನ್ನು ಜನವರಿಯ ನಿರ್ಣಾಯಕ ಪಂದ್ಯದಲ್ಲಿ ಸೋಲಿಸಿದಾಗ ಡಾರ್ನಾಲ್ಡ್ ಒಂದು ಚೆಂಡನ್ನೂ ಕಳೆದುಕೊಳ್ಳಲಿಲ್ಲ.

ಇನ್ನು ನಮ್ಮ ಕರುಣ್. 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ, ತಮ್ಮ ಮೂರನೆಯ ಟೆಸ್ಟಿನಲ್ಲೇ, ಇಂಗ್ಲೆಂಡ್ ವಿರುದ್ಧ ಔಟಾಗದೆ 303 ರನ್ ಹೊಡೆದವರು. ಮರುವರ್ಷದ ಮಾರ್ಚ್‌ಗೆ ಅವರ ಟೆಸ್ಟ್ ಬದುಕು ನಿಂತುಹೋಯಿತು. 2018ರಲ್ಲಿ ತಂಡದ ಜೊತೆ ಇಂಗ್ಲೆಂಡಿಗೆ ಹೋದರೂ ಆಡುವ ಹನ್ನೊಂದರಲ್ಲಿ ಒಮ್ಮೆಯೂ ಸ್ಥಾನ ಸಿಗಲಿಲ್ಲ. ಆಮೇಲೆ ಕರ್ನಾಟಕ ತಂಡದಿಂದಲೂ ಹೊರಬಿದ್ದರು. 2022ರ ಡಿಸೆಂಬರಿನಲ್ಲಿ, ಪ್ರೀತಿಯ ಕ್ರಿಕೆಟ್, ನನಗೆ ಇನ್ನೊಂದು ಅವಕಾಶ ಕೊಡು ಎಂದು ಅವರು ಟ್ವೀಟ್ ಮಾಡಿದಾಗ ನನ್ನ ಕರುಳು ಚುರುಕ್ ಎಂದಿತ್ತು. ತ್ರಿಶತಕ ಹೊಡೆದವನು ಆಯ್ಕೆಗಾರರನ್ನಲ್ಲ, ಕ್ರಿಕೆಟನ್ನೇ ಬೇಡಿಕೊಳ್ಳಬೇಕಾಯಿತು. ಅವಕಾಶ ಕೊಟ್ಟದ್ದು ನಾಗಪುರದ ವಿದರ್ಭ ತಂಡ. ಅಲ್ಲಿ 2024-25ರ ವಿಜಯ್ ಹಜಾರೆ ಟೂರ್ನಿಯಲ್ಲಿ ಐದು ಶತಕ ಸೇರಿ 779 ರನ್ ಗಳಿಸಿ, ನಾಯಕರಾಗಿ ತಂಡವನ್ನು ಫೈನಲ್‌ಗೆ ಕೊಂಡೊಯ್ದರು. ಎದುರಿಗಿದ್ದದ್ದು ಕರ್ನಾಟಕ. ನಾವೇ ಗೆದ್ದೆವು, ಆದರೂ ಆ ದಿನ ನನಗೆ ಯಾವ ಕಡೆ ಕೂಗಬೇಕೆಂದು ತಿಳಿಯಲಿಲ್ಲ. ಅದೇ ಋತುವಿನ ರಣಜಿ ಟ್ರೋಫಿಯನ್ನು ವಿದರ್ಭ ಗೆದ್ದಿತು, ಫೈನಲ್‌ನಲ್ಲಿ ಕರುಣ್ ಶತಕ ಬಾರಿಸಿದರು.

2025ರಲ್ಲಿ ಮತ್ತೆ ಟೆಸ್ಟ್ ಕರೆ ಬಂತು. ಇಂಗ್ಲೆಂಡಿನಲ್ಲಿ ನಾಲ್ಕು ಟೆಸ್ಟ್, ಒಂದೇ ಅರ್ಧಶತಕ, ಮತ್ತೆ ಹೊರಗೆ. ರನ್ ಸಾಲದು ಎನ್ನುವುದನ್ನು ನಾನು ಒಪ್ಪುತ್ತೇನೆ. ಎಂಟು ವರ್ಷ ಕಾದು ಬಂದವರಿಗೆ ಅಷ್ಟು ಅವಕಾಶ ಸಾಕು ಎನ್ನುವುದನ್ನು ಒಪ್ಪಲಾರೆ.

ಅಮೆರಿಕದ್ದೆಲ್ಲ ಚಿನ್ನ ಎಂದು ನಾನು ಹೇಳುವುದಿಲ್ಲ. ಡಾರ್ನಾಲ್ಡ್ ಜೊತೆಗೆ ಅದೇ ವರ್ಷ ಹತ್ತನೆಯವರಾಗಿ ಆಯ್ಕೆಯಾದ ಜಾಶ್ ರೋಸೆನ್ ಅವರನ್ನು ಅರಿಜೋನ ತಂಡ ಒಂದೇ ಋತುವಿಗೆ ಬೇಡವೆಂದಿತು. ಆಮೇಲೆ ತಂಡದಿಂದ ತಂಡಕ್ಕೆ ಅಲೆದರೂ ಅವರು ಎಲ್ಲೂ ನೆಲೆಯೂರಲಿಲ್ಲ. ಅಷ್ಟು ಚೆನ್ನಾಗಿ ಮಾತನಾಡಿದ ಮಿನೆಸೋಟ ಕೂಡ ಕೊನೆಯ ಎರಡು ಸೋಲಿನ ಬಳಿಕ ಡಾರ್ನಾಲ್ಡ್ ಅವರನ್ನು ಬಿಟ್ಟುಕೊಟ್ಟು, ಮುಂದಿನ ವರ್ಷ ಪ್ಲೇಆಫ್ ಕೂಡ ತಲುಪಲಿಲ್ಲ. ಆದರೂ ಇಲ್ಲಿ ಹೊಸ ತಂಡಕ್ಕೆ ಹೋದವನನ್ನು ಯಾರೂ ಓಡಿಹೋದವನೆಂದು ನೋಡುವುದಿಲ್ಲ, ಕರೆಸಿಕೊಂಡ ತಂಡ ಹಳೆಯ ಪಂದ್ಯಗಳ ವಿಡಿಯೊ ಹಾಕಿ ಸುತ್ತ ಯಾರಿದ್ದರು, ಏನು ಹೇಳಿಕೊಟ್ಟಿದ್ದರು ಎಂದು ಹುಡುಕುತ್ತದೆ.

ಕರುಣ್ ಈಗ ಕರ್ನಾಟಕಕ್ಕೆ ಮರಳಿದ್ದಾರೆ. ಸಂತೋಷ. ಆದರೆ ಮುಂದಿನ ಕರುಣ್ ನಾಗಪುರದವರೆಗೆ ಹೋಗಬೇಕಾಗಿ ಬಾರದಂತೆ ನಮ್ಮ ಕ್ರಿಕೆಟ್ ಸಂಸ್ಥೆ ಒಂದು ಕೆಲಸ ಮಾಡಬಹುದು: ತಂಡದಿಂದ ಕೈಬಿಟ್ಟ ಪ್ರತಿ ಆಟಗಾರನ ಜೊತೆ ಆ ಋತು ಮುಗಿಯುವವರೆಗೆ ಒಬ್ಬ ಕೋಚ್ ಇರಬೇಕು. ಏಕೆ ಕೈಬಿಟ್ಟೆವು, ಯಾವ ಕ್ರಮಾಂಕದಲ್ಲಿ ಎಷ್ಟು ಇನಿಂಗ್ಸ್ ಕೊಟ್ಟೆವು, ನಾವು ಕೊಡದೆ ಹೋದದ್ದೇನು ಎಂಬುದನ್ನು ಬರೆದು ಆಟಗಾರನ ಕೈಗೆ ಕೊಡಬೇಕು. ಒಬ್ಬರ ಸಂಬಳದಲ್ಲಿ ಆಗುವ ಕೆಲಸ ಇದು.