ನಕ್ಷಾ ತಂಪ ಮಾಡ್ರಿ

ಮೇ ತಿಂಗಳ ಕಲಬುರಗಿಯಲ್ಲಿ ಪಾದರಸ 42 ದಾಟಿದರೆ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಆ ಬಿಸಿಲನ್ನು ಮ್ಯಾಟ್‌ಪ್ಲಾಟ್‌ಲಿಬ್ ಎಂಬ, ಅಂಕಿಗಳಿಂದ ನಕ್ಷೆ ಬಿಡಿಸುವ ಸಾಫ್ಟ್‌ವೇರಿನಲ್ಲಿ ಹಾಕಿ, ಕೆಂಪು ಬಣ್ಣ ಆರಿಸಿ, ಪ್ರಿಂಟ್ ತೆಗೆದು ಸಾಹೇಬರ ಟೇಬಲ್ಲಿಗೆ ಇಟ್ಟೆ ನೋಡಿ, ಇಡೀ ಆಫೀಸು ಬೆವೆತಿತು.

"ಇಷ್ಟ್ ಕೆಂಪ್ ಯಾಕದರಿ?"

"ಬಿಸಲ ಹಂಗದರಿ ಸರ್."

"ಬಿಸಲ ಇರ್ಲಿ ಬಿಡ್ರಿ. ನಾಳಿ ಮ್ಯಾಲಿನವ್ರು ಬರ್ಲತ್ತಾರ. ಆ ಸಾಫ್ಟ್‌ವೇರ್ ಕಂಪನಿಗಿ ಒಂದ್ ಅರ್ಜಿ ಬರೀರಿ. 40 ದಾಟಿದ್ರ ತಾನೇ ಹಸಿರಾಗೋ ಹೊಸ ಸೌಲಭ್ಯ ಬೇಕಂತ."

ಒಳಗೆ ಎಸಿ 22ಕ್ಕೆ ಇತ್ತು. ಬಾಗಿಲ ಹೊರಗೆ ಸ್ಟೂಲಿನ ಮೇಲೆ ಜವಾನ, ತಲೆಗೆ ಹಸಿ ಟವೆಲ್, ಕಿಸೆಯಲ್ಲಿ ಉಳ್ಳಾಗಡ್ಡಿ.

ಕಂಪನಿ ಇಲ್ಲ ಸರ್, ಅಂದೆ. ಜಾನ್ ಹಂಟರ್ ಎಂಬ ವಿಜ್ಞಾನಿ ಮೂರ್ಛೆರೋಗಿಗಳ ಮಿದುಳಿನ ಸಂಕೇತಗಳನ್ನು ನೋಡಲೆಂದು ಕಟ್ಟಿಕೊಂಡದ್ದು, 2003ರಲ್ಲಿ ಎಲ್ಲರಿಗೂ ಪುಕ್ಕಟೆ ಬಿಟ್ಟುಕೊಟ್ಟದ್ದು. ಸಾಹೇಬರ ಮುಖದಲ್ಲಿ ನಿಜವಾದ ಕಳವಳ ಕಂಡದ್ದು ಆಗಲೇ. "ಪುಕ್ಕಟೆ? ಹಂಗಾದ್ರ ಟೆಂಡರ್ ಹ್ಯಾಂಗ್ ಕರೆಯೋದ್ರೀ?"

ಬಣ್ಣದ ತಕರಾರು ಆ ಸಾಫ್ಟ್‌ವೇರ್ ಕಟ್ಟಿದ ಮಂದಿಗೂ ಇತ್ತೆನ್ನಿ. ಮೊದಲು ಅಲ್ಲಿ ನಾವು ಬಣ್ಣ ಆರಿಸದಿದ್ದರೆ ತಾನೇ ಬರುತ್ತಿದ್ದದ್ದು 'ಜೆಟ್' ಎಂಬ ಕಾಮನಬಿಲ್ಲಿನ ಬಣ್ಣಸಾಲು. ನಡುವಿನ ಹಳದಿ ಪಟ್ಟಿ ಎಷ್ಟು ಹೊಳೆಯುತ್ತಿತ್ತೆಂದರೆ, ಅಂಕಿಗಳಲ್ಲಿ ಇಲ್ಲದ ಗೆರೆಯೊಂದು ಕಣ್ಣಿಗೆ ಕಾಣುತ್ತಿತ್ತು. ಹೀಗೆ ಸುಳ್ಳು ಹೇಳಬಾರದೆಂದು ತಲೆ ಕೆಡಿಸಿಕೊಂಡು 2017ರ 2.0 ಆವೃತ್ತಿಯಲ್ಲಿ 'ವಿರಿಡಿಸ್' ತಂದರು: ಕಮ್ಮಿ ಇದ್ದಲ್ಲಿ ಕಡುನೇರಳೆ, ನಡುವೆ ಹಸಿರು, ಏರಿದಂತೆ ಹಳದಿ. ಬಣ್ಣ ಗುರುತಿಸಲು ಕಷ್ಟವಿರುವವರಿಗೂ ಏರಿಳಿತ ತಿಳಿಯುತ್ತದೆ.

ನನಗೆ ಅಷ್ಟು ಸಾಕಾಯಿತು. ಅರ್ಜಿ ಬರೆಯಲಿಲ್ಲ. ಅವೇ ಅಂಕಿಗಳನ್ನು ವಿರಿಡಿಸ್‌ಗೆ ಹಾಕಿ, ಒಂದು ಡಿಗ್ರಿಯನ್ನೂ ಮುಟ್ಟದೆ ಪ್ರಿಂಟ್ ಕೊಟ್ಟೆ. ಅತಿ ಸುಡುವ ತಾಲ್ಲೂಕುಗಳು ಹಳದಿಯಾಗಿ ಜಗಜಗ ಅಂದವು.

"ಭಲೇ! ಜಾತ್ರ್ಯಾಗ ಭಂಡಾರ ಹಾರಿಸ್ದಂಗ ಕಾಣ್ತದ!"

ಸಭೆಯಲ್ಲಿ ಮ್ಯಾಲಿನವರೂ ಒಪ್ಪಿದರು. ಈ ಸಲ ಬ್ಯಾಸಗಿ ಹತೋಟಿಯಲ್ಲಿದೆ ಎಂದು ಟಿಪ್ಪಣಿಯೂ ಆಯಿತು.

ನಕ್ಷೆಯ ತಲೆಬರಹ ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ನಮ್ಮಲ್ಲಿರುವ ಹಳೆಯ ಆವೃತ್ತಿ ಕನ್ನಡದ ಅಕ್ಷರಗಳನ್ನು ಬಿಡಿಬಿಡಿಯಾಗಿ ಸಾಲು ನಿಲ್ಲಿಸುತ್ತದೆ, ಒತ್ತು ಕೆಳಗಿಳಿಯುವುದಿಲ್ಲ. 'ಕಲಬುರಗಿ ಜಿಲ್‌ಲೆ' ಎಂದು ದಪ್ಪಕ್ಷರದಲ್ಲಿ ಬಂದಿತ್ತು. ಕೇಳಲೇಬೇಕಾದ ಸೌಲಭ್ಯ ಇದೇ ಅಲ್ಲವೇ ಅನ್ನಿಸಿ, ಒತ್ತಕ್ಷರ ಸರಿಯಾಗಿ ಮೂಡಬೇಕೆಂದು ನಾಲ್ಕು ಸಾಲು ಬರೆದು ಸಾಹೇಬರ ಸಹಿಗೆ ಇಟ್ಟೆ.

ಅವರು ನಕ್ಷೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು, ಹತ್ತಿರ ತಂದರು, ದೂರ ಒಯ್ದರು.

"ಏನಾಗ್ಯದ್ರೀ ಇದಕ್ಕ? ಬಣ್ಣ ಛಲೋ ಅದಲ್ಲ!"