ಪ್ರಾಮಾಣಿಕತೆಗೂ ಗ್ರೇಸ್ ಮಾರ್ಕ್ಸ್

2024ರಲ್ಲಿ ನಮ್ಮ ಸರ್ಕಾರಕ್ಕೆ ಒಂದು ಅನುಮಾನ ಬಂತು. ರಾಜ್ಯದಲ್ಲಿ ಯಾರೋ ಮೋಸ ಮಾಡುತ್ತಿದ್ದಾರೆ ಅಂತ. ಅನುಮಾನ ಸರಿಯಾಗಿಯೇ ಇತ್ತು. ಯಾರಿರಬಹುದು ಎಂದು ಯೋಚಿಸಿ ಯೋಚಿಸಿ, ಕೊನೆಗೆ ಹದಿನೈದು ವರ್ಷದ ಮಕ್ಕಳೇ ಎಂದು ತೀರ್ಮಾನವಾಯಿತು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು. ಮಾಲೂರಿನ ಹುಡುಗ ಇಲ್ಲಿ ಕತ್ತು ಎಡಕ್ಕೆ ಹೊರಳಿಸಿದರೆ ಅಧಿಕಾರಿಗಳು ಕಚೇರಿಯಲ್ಲಿ ಕೂತೇ ನೋಡಬಹುದು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು.

ಆ 73.40 ಕೂಡ ಸುಮ್ನೆ ಬಂದದ್ದಲ್ಲ. ಗ್ರೇಸ್ ಅಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದರು. ಗ್ರೇಸ್ ಸಿಗಲು ಬೇಕಿದ್ದ ಕನಿಷ್ಠ ಅಂಕವನ್ನು ಶೇ. 35ರಿಂದ 25ಕ್ಕೆ ಇಳಿಸಿದರು. ಕಾಪಿ ಹೊಡೆಯೋದನ್ನು ಕ್ಯಾಮೆರಾ ತಪ್ಪಿಸಿತು, ಫೇಲಾಗೋದನ್ನು ಸರ್ಕಾರವೇ ತಪ್ಪಿಸಿತು. ಮರುವರ್ಷ ಆ ಹೆಚ್ಚುವರಿ ಗ್ರೇಸ್ ತೆಗೆದರು, ಫಲಿತಾಂಶ ಇನ್ನೂ ಕೆಳಗಿಳಿಯಿತು. ಆಮೇಲೆ ಪಾಸಿನ ಗೆರೆಯನ್ನೇ 35ರಿಂದ 33ಕ್ಕೆ ತಂದರು.

ಇದಕ್ಕೆ ಎಲ್ಲರೂ ಬೈದರು. ನನಗೆ ಮಾತ್ರ ಬೈಯಲು ಬಾಯಿ ಬರಲಿಲ್ಲ. ಯಾಕೆಂದರೆ ಇದು ಶಿಕ್ಷಣ ಇಲಾಖೆ ಕಂಡುಹಿಡಿದ ಪದ್ಧತಿಯಲ್ಲ. ನಾವು ದೊಡ್ಡವರಿಗೆ ಹೀಗೆ ಗ್ರೇಸ್ ಕೊಡುತ್ತಾ ಬಂದು ಎಷ್ಟೋ ವರ್ಷವಾಯಿತು.

ನಂಬಿಕೆ ಬರದಿದ್ದರೆ ಕೋಲಾರದ ಡೂಂಲೈಟ್ ಸರ್ಕಲ್ ಕಡೆ ಯಾವುದಾದರೂ ಟೀ ಅಂಗಡಿ ಮುಂದೆ ಸ್ವಲ್ಪ ಹೊತ್ತು ನಿಂತುಕೊಳ್ಳಿ. ಅಲ್ಲಿ ದಿನವೂ ಮೌಲ್ಯಮಾಪನ ನಡೆಯುತ್ತದೆ. "ತಿಂತಾನಣ್ಣ, ಇಲ್ಲ ಅಂತ ಯಾರು ಹೇಳಿದ್ರು? ಆದ್ರೆ ಕೆಲಸ ಮಾಡ್ಕೊಡ್ತಾನೆ." ಇದು ಪಾಸ್. "ತಿಂತಾನೆ, ಕೆಲಸಾನೂ ಮಾಡಲ್ಲ, ಆದ್ರೆ ಕಷ್ಟ ಅಂತ ಹೋದ್ರೆ ಮಾತಾಡಿಸ್ತಾನೆ." ಇದು ಗ್ರೇಸ್ ಪಾಸ್. "ತಿಂತಾನೆ, ಆದ್ರೆ ಜೊತೇಲಿರೋರಿಗೂ ಕೊಡ್ತಾನೆ." ಇದು ಡಿಸ್ಟಿಂಕ್ಷನ್. "ಅಯ್ಯೋ, ಅವರು ಮುಟ್ಟೋದೇ ಇಲ್ಲ ಸ್ವಾಮಿ" ಅಂದರೆ ಮಾತ್ರ ಅದು ಹೊಗಳಿಕೆಯಲ್ಲ, ಎಚ್ಚರಿಕೆ. ಆ ಕಚೇರಿಗೆ ಹೋದರೆ ಕಾಗದ ಪತ್ರ ಎಲ್ಲಾ ಸರಿಯಾಗಿರಬೇಕಾಗುತ್ತದೆ ಅಂತ ಅರ್ಥ.

ಶೇಕಡಾ ಲೆಕ್ಕದಲ್ಲಿ ನಮ್ಮ ಮಕ್ಕಳು ಹಿಂದೆ ಬಿದ್ದಿದ್ದಾರೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. 2018ರ ಚುನಾವಣೆಯಲ್ಲಿ ವೇದಿಕೆಯಿಂದಲೇ "10 ಪರ್ಸೆಂಟ್ ಸರ್ಕಾರ" ಎಂಬ ಆರೋಪ ಕೇಳಿ ಬಂತು. 2021ರಲ್ಲಿ ಗುತ್ತಿಗೆದಾರರ ಸಂಘ ಕಾಮಗಾರಿಗೆ 40 ಪರ್ಸೆಂಟ್ ಕಮಿಷನ್ ಕೊಡಬೇಕು ಎಂದು ಪ್ರಧಾನಿಗೇ ಪತ್ರ ಬರೆಯಿತು. ಮರುವರ್ಷ ಬೆಂಗಳೂರಿನ ಗೋಡೆಗಳ ಮೇಲೆ ಕ್ಯೂಆರ್ ಕೋಡ್ ಇರುವ 'ಪೇಸಿಎಂ' ಪೋಸ್ಟರ್ ಬಂತು. ಆರೋಪ ಮಾಡಿದವರು ಅಧಿಕಾರಕ್ಕೆ ಬಂದರು, ಅಧಿಕಾರದಲ್ಲಿದ್ದವರು ಆರೋಪ ಮಾಡಲು ಹೊರಟರು. ಲೆಕ್ಕ ಮಾತ್ರ ನಿಲ್ಲಲಿಲ್ಲ. ಈ ನಡುವೆ ಹುಟ್ಟಿ ಬೆಳೆದ ಮಗುವಿಗೆ ಬಡ್ಡಿ ಲೆಕ್ಕ ಬಿಡಿಸಲು ಬರದೆ ಇರಬಹುದು. ನೂರು ರೂಪಾಯಿ ರಸ್ತೆಯಲ್ಲಿ ಡಾಂಬರಿಗೆ ಎಷ್ಟು ಹೋಯಿತು ಅಂದರೆ ಬಾಯಲ್ಲೇ ಹೇಳುತ್ತದೆ.

ಈ ದೊಡ್ಡ ಪರ್ಸೆಂಟಿನಿಂದ ಜನರಿಗೆ ಒಂದು ದೊಡ್ಡ ಉಪಕಾರ ಆಗಿದೆ. ಅದರ ಮುಂದೆ ಇಟ್ಟರೆ ನಮ್ಮ ಕಳ್ಳತನ ಎಷ್ಟಿದ್ದರೂ ಸೊನ್ನೆ. ಟೊಮೆಟೊ ಬಾಕ್ಸಿನ ಮೇಲೆ ಕೆಂಪನೆಯ ದಪ್ಪ ಹಣ್ಣು ಜೋಡಿಸಿ ಕೆಳಗೆ ಗೋಲಿ ಗಾತ್ರದ್ದು ತುಂಬಿದವನನ್ನು ಕೇಳಿ: "ಕೋಟಿ ಕೋಟಿ ನುಂಗೋರನ್ನ ಬಿಟ್ಟು ನನ್ನ ಬಾಕ್ಸ್ ಬಗ್ಗಿಸಿ ನೋಡ್ತೀರಲ್ಲ!" ನ್ಯಾಯವಾದ ಮಾತು, ಅಲ್ವಾ? ಪಾಪ, ಹಾಲಿಗೆ ನೀರು ಬೆರೆಸುವವನಿಗೆ ಮಾತ್ರ ಈ ಅನುಕೂಲ ಇಲ್ಲ. ಡೈರಿಯ ಮಿಷನ್ನಿಗೆ ರಾಜಕೀಯ ಗೊತ್ತಿಲ್ಲ. ಫ್ಯಾಟ್ ಎಷ್ಟು, ಎಸ್ಎನ್ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಎಷ್ಟು ಅಂತ ಚೀಟಿ ಹೊಡೆದು ಕೈಗೆ ಕೊಡುತ್ತದೆ.

ನಮ್ಮ ಕಡೆಯ ಭಕ್ತಿಯ ವಿಷಯಕ್ಕೆ ಬರೋಣ. ಡಿಸೆಂಬರ್ ಬಂತೆಂದರೆ ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಕೆಂಪು ಸೀರೆ ಉಟ್ಟು, ಮಾಲೆ ಹಾಕಿ, ತಮಿಳುನಾಡಿನ ಮೇಲ್ಮರುವತ್ತೂರಿನ ಓಂಶಕ್ತಿಗೆ ಹೊರಡುತ್ತಾರೆ. ವ್ರತ ಇವರದು, ಬಸ್ಸು ನಾಯಕರದು. ಹಾಲಿ ಶಾಸಕರು ಬಸ್ಸು ಕೊಟ್ಟರೆ ಮಾಜಿಗಳು ಸುಮ್ಮನಿರಲಾಗುತ್ತದೆಯೇ? ಟಿಕೆಟ್ ಆಕಾಂಕ್ಷಿ ಇನ್ನೂ ಮುಂದೆ ಹೋಗಿ ಊಟವನ್ನೂ ಸೇರಿಸುತ್ತಾರೆ. ಬಸ್ಸಿನ ಮುಂದೆ ಕಟ್ಟಿದ ಬ್ಯಾನರಿನಲ್ಲಿ ಅಮ್ಮನವರು ಒಂದು ಮೂಲೆಯಲ್ಲಿ ಇರುತ್ತಾರೆ, ನಡುವೆ ಇರುವವರು ಕೈ ಮುಗಿದ ನಾಯಕರು. ಒಂದೇ ಮನೆಯ ಅತ್ತೆ ಒಬ್ಬರ ಬಸ್ಸಿನಲ್ಲಿ, ಸೊಸೆ ಇನ್ನೊಬ್ಬರ ಬಸ್ಸಿನಲ್ಲಿ ಹೋಗಿ ಬರುವುದುಂಟು. ಇಬ್ಬರಿಗೂ ದರ್ಶನ ಚೆನ್ನಾಗಿ ಆಗುತ್ತದೆ. ಯಾರ ದರ್ಶನ ಅಂತ ಕೇಳಬಾರದು.

ಆ ಬಸ್ಸಿನ ಋಣ ತೀರುವುದು ಚುನಾವಣೆಯ ಹಿಂದಿನ ರಾತ್ರಿ. ಓಟಿಗೆ ದುಡ್ಡು ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ ಎಂದು ಕಾನೂನು ಹೇಳುತ್ತದೆ. ವಿಧಾನಸಭೆ ಅಭ್ಯರ್ಥಿ 40 ಲಕ್ಷಕ್ಕಿಂತ ಜಾಸ್ತಿ ಖರ್ಚು ಮಾಡಬಾರದು ಎಂದೂ ಹೇಳುತ್ತದೆ. ಹೇಳಲಿ ಬಿಡಿ, ಅದರ ಕೆಲಸ ಅದು. ಆದರೆ ನಮ್ಮ ಮತದಾರರ ಪ್ರಾಮಾಣಿಕತೆ ನೋಡಬೇಕು ಅಂದರೆ ಆ ರಾತ್ರಿ ನೋಡಬೇಕು. "ಕವರ್ ತಗೊಂಡಿದ್ದೀನಿ, ಇನ್ನೊಬ್ಬರಿಗೆ ಹಾಕಿದ್ರೆ ದೇವರು ಮೆಚ್ತಾನಾ?" ಎಂದು ಅಜ್ಜಿ ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಾರೆ. ಎರಡು ಕಡೆಯಿಂದಲೂ ತೆಗೆದುಕೊಂಡವರು ಮನೆಯ ಓಟುಗಳನ್ನು ಸಮನಾಗಿ ಹಂಚುತ್ತಾರೆ. ಮನೆಯಲ್ಲಿ ಐದು ಓಟಿದ್ದರೆ ಮಾತ್ರ ಕಷ್ಟ.

ಇದನ್ನೆಲ್ಲ ನೋಡುತ್ತಾ ಮೂಲೆಯಲ್ಲಿ ಹೋಂವರ್ಕ್ ಮಾಡುತ್ತಿರುವ ಹುಡುಗ ಒಬ್ಬನಿರುತ್ತಾನೆ. ಅವನ ಹೆಸರಿನಲ್ಲಿ ಸರ್ಕಾರದಿಂದ ಬರುವ ಮೊದಮೊದಲ ಕಾಗದಗಳಲ್ಲಿ ಆದಾಯ ಪ್ರಮಾಣಪತ್ರವೂ ಒಂದು. ಸ್ಕಾಲರ್‌ಶಿಪ್‌ಗೆ ಬೇಕಲ್ಲ. ಮನೆ ಎರಡು ಅಂತಸ್ತು, ಅಂಗಳದಲ್ಲಿ ಟ್ರ್ಯಾಕ್ಟರ್, ಪಕ್ಕದಲ್ಲಿ ಕಾರು. ಕಾಗದದಲ್ಲಿ ಮಾತ್ರ ಅಪ್ಪನ ಆದಾಯ ವರ್ಷಕ್ಕೆ ಇಪ್ಪತ್ತು ಸಾವಿರ. ಹುಡುಗ ಅಪ್ಪನ ಮುಖ ನೋಡುತ್ತಾನೆ. ಅಪ್ಪ, "ಎಲ್ಲರೂ ಹಂಗೇ ಮಾಡ್ಸೋದು ಕಣೋ" ಅನ್ನುತ್ತಾರೆ. ಕೆಳಗೆ ಸರ್ಕಾರದ ಸಹಿ ಇದೆ. ಸರ್ಕಾರಕ್ಕಿಂತ ದೊಡ್ಡ ಮೇಷ್ಟ್ರು ಯಾರು?

ಅದೇ ಹುಡುಗ ಮುಂದೆ ಪೊಲೀಸ್ ಆಗಬೇಕು ಅಂತ ಕನಸು ಕಂಡ ಎನ್ನಿ. 2021ರಲ್ಲಿ 545 ಪಿಎಸ್ಐ ಹುದ್ದೆಗೆ ಪರೀಕ್ಷೆ ನಡೆದದ್ದು ಅವನಿಗೂ ಗೊತ್ತಿರುತ್ತದೆ. ಉತ್ತರ ಗೊತ್ತಿಲ್ಲದವರು ಉತ್ತರ ಪತ್ರಿಕೆಯ ವೃತ್ತಗಳನ್ನು ಖಾಲಿ ಬಿಟ್ಟು ಬಂದರೂ, ಆಮೇಲೆ ಬೇರೆ ಕೈಗಳು ಅವನ್ನು ತುಂಬಿದವು ಎಂಬ ಆರೋಪದ ಮೇಲೆ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯವರನ್ನೇ 2022ರಲ್ಲಿ ಬಂಧಿಸಿದರು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅದಾಗಿ ಎರಡೇ ತಿಂಗಳಿಗೆ ಎಸ್ಸೆಸ್ಸೆಲ್ಸಿ ಮಕ್ಕಳ ತಲೆಯ ಮೇಲೆ ಕ್ಯಾಮೆರಾ ಬಂತು. ಕಳ್ಳರನ್ನು ಹಿಡಿಯಬೇಕಾದವರ ನೇಮಕದಲ್ಲೇ ಹೀಗಾದಾಗ, ಚೀಟಿ ಮಡಚುವವರನ್ನಾದರೂ ಹಿಡಿಯಬೇಡವೇ.

ಪ್ರತಿ ವರ್ಷ ಅಕ್ಟೋಬರ್ ಕೊನೆಗೆ ಭ್ರಷ್ಟಾಚಾರದ ವಿರುದ್ಧ ಜಾಗೃತಿ ಸಪ್ತಾಹ ಬರುತ್ತದೆ. ನಮ್ಮ ಕಡೆಯ ಒಂದು ಶಾಲೆಯಲ್ಲಿ ಪ್ರಬಂಧ ಸ್ಪರ್ಧೆ ನಡೆಯಿತು ಎಂದುಕೊಳ್ಳಿ. ವಿಷಯ: ಭ್ರಷ್ಟಾಚಾರ ನಿರ್ಮೂಲನೆಯಲ್ಲಿ ವಿದ್ಯಾರ್ಥಿಗಳ ಪಾತ್ರ. ನಲವತ್ತು ಪ್ರಬಂಧ ಬಂದವು. ಮೂವತ್ತಾರರಲ್ಲಿ ಮೊದಲ ಸಾಲು ಒಂದೇ: "ಭ್ರಷ್ಟಾಚಾರವು ಸಮಾಜಕ್ಕೆ ಅಂಟಿದ ಕ್ಯಾನ್ಸರ್." ಮೊಬೈಲಿನಲ್ಲಿ ಮೊದಲು ಸಿಕ್ಕಿದ್ದು ಅದೇ. ಮೇಷ್ಟ್ರಿಗೆ ಬಹುಮಾನ ಯಾರಿಗೆ ಕೊಡಬೇಕೆಂದು ತಿಳಿಯಲಿಲ್ಲ. ಕೊನೆಗೆ ಅಕ್ಷರ ದುಂಡಗಿದ್ದವನಿಗೆ ಕೊಟ್ಟರು. ಸಮಾರಂಭಕ್ಕೆ ಮುಖಂಡರು ಎರಡು ಗಂಟೆ ತಡವಾಗಿ ಬಂದು, ಪ್ರಾಮಾಣಿಕತೆ ಮನೆಯಿಂದಲೇ ಶುರುವಾಗಬೇಕು ಎಂದು ಹೇಳಿ ಹೋದರು.

ಎರಡನೇ ಬಹುಮಾನ ಬಂದ ಹುಡುಗನ ತಾಯಿ ಮನೆಗೆ ಬಂದು ಗಂಡನಿಗೆ ಬೈದರಂತೆ. "ನಿಮಗೆ ಎಂಎಲ್ಎ ಪಿಎ ಪರಿಚಯ ಇದ್ದು ಏನು ಬಂತು? ಆ ಮೇಷ್ಟ್ರಿಗೆ ಒಂದು ಫೋನ್ ಮಾಡಿಸೋಕೆ ಆಗ್ಲಿಲ್ವಾ?"