ಬೆಕ್ಕಿಗೊಂದು ಶಾಲು, ಒಂದು ಮೈಸೂರು ಪೇಟ

ಸೆಪ್ಟೆಂಬರ್ ಬಂತೆಂದರೆ ನಮ್ಮ ಕಡೆ ಎರಡು ಥರದ ಫ್ಲೆಕ್ಸ್ ಏಳುತ್ತವೆ. ಒಂದು ಗಣಪತಿಯದು. ಇನ್ನೊಂದು ‘ವಿಶ್ವದ ಅಗ್ರ ಶೇ 2 ವಿಜ್ಞಾನಿಗಳ ಪಟ್ಟಿಯಲ್ಲಿ ನಮ್ಮ ಕಾಲೇಜಿನ ಹೆಮ್ಮೆ’ ಅನ್ನೋದು. ಗಣಪತಿಯನ್ನು ಹೇಗೋ ನೀರಿಗೆ ಬಿಡುತ್ತಾರೆ. ಎರಡನೆಯದು ಮುಂದಿನ ಸೆಪ್ಟೆಂಬರ್‌ವರೆಗೂ ಗೇಟಿನ ಪಕ್ಕ ಬಿಸಿಲು ಕಾಯುತ್ತಾ ನಿಂತಿರುತ್ತದೆ.

ಕಳೆದ ಸಲ ಅಂಥದ್ದೊಂದು ಸನ್ಮಾನಕ್ಕೆ ಹೋಗಿದ್ದೆ. ನೆಂಟರೊಬ್ಬರು ಕರೆದಿದ್ದರು, ಊಟಕ್ಕೆ ಹೋಳಿಗೆ ಇದೆ ಎಂದಿದ್ದರು, ಹೋದೆ. ಸನ್ಮಾನ ಒಬ್ಬ ಕ್ಯಾನ್ಸರ್ ಸಂಶೋಧಕ ಮೇಷ್ಟ್ರಿಗೆ. ನಿರೂಪಕಿ ಪರಿಚಯ ಓದಿದಳು. ಸಂಶೋಧನಾ ಪೇಪರ್ ಎಷ್ಟು, ಸೈಟೇಶನ್ (ಅಂದರೆ ಒಂದು ಪೇಪರಿನ ಹೆಸರನ್ನು ಇನ್ನೊಂದು ಪೇಪರ್ ಹೇಳುವುದು) ಎಷ್ಟು, ಎಚ್-ಇಂಡೆಕ್ಸ್ ಎಷ್ಟು, ಪೇಪರ್ ಅಚ್ಚಾದ ಎಲ್ಲ ಸಂಶೋಧನಾ ಪತ್ರಿಕೆಗಳ ಇಂಪ್ಯಾಕ್ಟ್ ಫ್ಯಾಕ್ಟರ್ ಕೂಡಿದರೆ ಎಷ್ಟು. ಅದನ್ನು ಹಾಗೆ ಕೂಡಿಸಬಹುದು ಅಂತ ನನಗೆ ಗೊತ್ತಾಗಿದ್ದೇ ಅವತ್ತು. ಬಸ್ಸಿನ ನಂಬರುಗಳನ್ನು ಕೂಡಿಸಿ ಊರು ಎಷ್ಟು ದೂರ ಎಂದು ಹೇಳಿದ ಹಾಗಿತ್ತು. ಅಂತೂ ಎಲ್ಲ ಲೆಕ್ಕ ಬಂತು. ಕ್ಯಾನ್ಸರ್ ಬಗ್ಗೆ ಅವರು ಏನು ಕಂಡುಹಿಡಿದರು ಅನ್ನೋದೊಂದು ಬರಲಿಲ್ಲ. ಪಕ್ಕದಲ್ಲಿ ಕೂತಿದ್ದ ಚಿಕ್ಕಪ್ಪ ನನ್ನ ಕಿವಿಯಲ್ಲಿ, “ಹುಡುಗನ ಸಂಬಳ, ಸೈಟು, ಕಾರು ಎಲ್ಲ ಹೇಳಿದ್ರು. ಹುಡುಗ ಏನ್ ಕೆಲಸ ಮಾಡ್ತಾನೆ ಅಂತ ಹೇಳ್ಲೇ ಇಲ್ವಲ್ಲೋ” ಅಂದರು.

ಈ ಶೇ 2ರ ಪಟ್ಟಿಯ ಕಥೆ ಸ್ವಲ್ಪ ಕೇಳಿ. ಫ್ಲೆಕ್ಸ್‌ನಲ್ಲಿ ‘ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಆಯ್ಕೆ ಮಾಡಿದ’ ಎಂದು ಬರೆಸಿರುತ್ತಾರೆ. ಅಲ್ಲಿ ಆಯ್ಕೆ ಸಮಿತಿ ಇಲ್ಲ, ಸಂದರ್ಶನ ಇಲ್ಲ. ಪಟ್ಟಿ ಮಾಡಲು ಯಾರೂ ಯಾರ ಪೇಪರನ್ನೂ ತೆರೆದು ಓದುವುದಿಲ್ಲ. ಅಲ್ಲಿನ ಪ್ರೊಫೆಸರ್ ಜಾನ್ ಅಯೊನಿಡಿಸ್ ಮತ್ತು ಜೊತೆಗಾರರು ಎಲ್ಸ್‌ವಿಯರ್ ಎಂಬ ಪ್ರಕಾಶನ ಕಂಪನಿಯ ಸ್ಕೋಪಸ್ ಕಡತದಿಂದ ಸೈಟೇಶನ್ ಲೆಕ್ಕ ತೆಗೆದು, ಎಕ್ಸೆಲ್ ಹಾಳೆ ಮಾಡಿ ಇಂಟರ್‌ನೆಟ್ಟಿಗೆ ಹಾಕುತ್ತಾರೆ, ಅಷ್ಟೇ. ಅದರಲ್ಲಿ ಲಕ್ಷಕ್ಕೂ ಜಾಸ್ತಿ ಹೆಸರುಗಳಿವೆ. ತೀರಿಕೊಂಡವರ ಹೆಸರೂ ಇವೆ. ಪಾಪ, ಅವರು ಮಾತ್ರ ಫ್ಲೆಕ್ಸ್ ಹಾಕಿಸಿಕೊಳ್ಳುವುದಿಲ್ಲ.

ತಮಾಷೆ ಏನೆಂದರೆ, ಈ ಅಯೊನಿಡಿಸ್ ಹೆಸರುವಾಸಿಯಾಗಿದ್ದೇ 2005ರಲ್ಲಿ, ಪ್ರಕಟವಾಗುವ ಸಂಶೋಧನೆಗಳಲ್ಲಿ ಹೆಚ್ಚಿನವು ಸುಳ್ಳು ಎಂದು ವಾದಿಸಿ. ಊರಿನ ಹಾಲಿಗೆಲ್ಲ ನೀರು ಬೆರೆತಿದೆ ಎಂದು ಕೂಗಿದವರೇ, ಯಾರ ಮನೆಯಿಂದ ಎಷ್ಟು ಲೀಟರ್ ಬಂತು ಎಂಬ ಪಟ್ಟಿಯನ್ನೂ ಬರೆದುಕೊಟ್ಟರು. ನಮ್ಮವರು ಕೂಗಿದ್ದನ್ನು ಬಿಟ್ಟರು, ಪಟ್ಟಿಗೆ ಹಾರ ಹಾಕಿದರು.

2005 ಎಂಥ ವರ್ಷವೋ ಏನೋ. ಅದೇ ವರ್ಷ ಕ್ಯಾಲಿಫೋರ್ನಿಯಾದ ಹೋರ್ಹೆ ಹಿರ್ಶ್ ಎಂಬ ಭೌತವಿಜ್ಞಾನಿ ಎಚ್-ಇಂಡೆಕ್ಸ್ ಎಂಬ ಅಳತೆಪಟ್ಟಿ ಕೊಟ್ಟರು. ಅದೇ ವರ್ಷ ಅಮೆರಿಕದ ಎಂಐಟಿಯ ಮೂವರು ವಿದ್ಯಾರ್ಥಿಗಳು ‘ಸೈಜೆನ್’ ಎಂಬ ಪ್ರೋಗ್ರಾಂ ಬರೆದರು. ಗುಂಡಿ ಒತ್ತಿದರೆ ಸಾಕು, ಅರ್ಥವಿಲ್ಲದ ಪೇಪರೊಂದು ಗ್ರಾಫ್ ಸಮೇತ ತಯಾರು. ಅದರಲ್ಲೊಂದನ್ನು ಒಂದು ಸಮ್ಮೇಳನ ಒಪ್ಪಿಕೊಂಡಿತು ಕೂಡ. ಅಂದರೆ ಒಂದೇ ವರ್ಷದಲ್ಲಿ ರೋಗ ಇದೆ ಎಂದು ಹೇಳುವವರು, ಥರ್ಮಾಮೀಟರ್, ಜೊತೆಗೆ ಥರ್ಮಾಮೀಟರಿಗೆ ಬಿಸಿನೀರು ತೋರಿಸುವ ಉಪಾಯ, ಮೂರೂ ಹುಟ್ಟಿದವು.

ಎಚ್-ಇಂಡೆಕ್ಸ್ ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ನಿಮ್ಮ ಪೇಪರ್‌ಗಳಲ್ಲಿ 20 ಪೇಪರ್, ತಲಾ 20 ಸಲವಾದರೂ ಬೇರೆ ಪೇಪರ್‌ಗಳಲ್ಲಿ ಹೆಸರು ಹೇಳಿಸಿಕೊಂಡಿದ್ದರೆ ನಿಮ್ಮ ಎಚ್-ಇಂಡೆಕ್ಸ್ 20. ಇದನ್ನು ನಮ್ಮವರು ಹಿರ್ಶ್‌ಗಿಂತ ಎಷ್ಟೋ ಮೊದಲೇ ಕಂಡುಹಿಡಿದಿದ್ದರು. ಮದುವೆ ಮನೆಯ ಮುಯ್ಯಿ ಪುಸ್ತಕ ನೋಡಿದ್ದೀರಲ್ಲ? ಬಾಗಿಲ ಹತ್ತಿರ ಮೇಜು ಹಾಕಿಕೊಂಡು ಒಬ್ಬರು ಬರೆಯುತ್ತಾ ಕೂತಿರುತ್ತಾರೆ. ನೀವು ನಮ್ಮನೆ ಮದುವೆಗೆ 501 ಬರೆಸಿದರೆ, ನಿಮ್ಮನೆ ಗೃಹಪ್ರವೇಶಕ್ಕೆ ನಾವು 501 ಬರೆಸುತ್ತೇವೆ. ಮುಯ್ಯಿ ಬರೆಸುವವರು ಹುಡುಗಿ ಹುಡುಗನ ಮುಖ ನೋಡಿರಬೇಕು ಎಂದೇನೂ ಇಲ್ಲ. ಸೈಟೇಶನ್ ಕೂಡ ಹಾಗೇ. ಓದಿರಬೇಕು ಎಂದೇನೂ ಇಲ್ಲ.

ಆದರೆ ಮುಯ್ಯಿಯಲ್ಲಿ ಒಂದು ನಾಚಿಕೆ ಅಂತ ಇದೆ. ತನ್ನ ಮದುವೆಗೆ ತಾನೇ ಹೋಗಿ ಮುಯ್ಯಿ ಬರೆಸಿ ಬರುವ ಮದುಮಗನನ್ನು ನಾನಂತೂ ನೋಡಿಲ್ಲ. ವಿಜ್ಞಾನದಲ್ಲಿ ಇದ್ದಾರೆ. 2019ರಲ್ಲಿ ‘ನೇಚರ್’ ಪತ್ರಿಕೆ ಚೆನ್ನೈನ ಒಬ್ಬ ಸಂಶೋಧಕರ ಲೆಕ್ಕ ಬರೆದಿತ್ತು. ಅವರಿಗೆ ಬಂದ ಸೈಟೇಶನ್‌ಗಳಲ್ಲಿ ಶೇ 94ರಷ್ಟು ಅವರದೇ, ಇಲ್ಲವೇ ಅವರ ಸಹಲೇಖಕರದು. ಮದುಮಗ, ಅವನ ಅಣ್ಣ, ತಮ್ಮ, ಭಾವಮೈದ. ಬೀದಿಯವರು ಬರೀ ಶೇ 6.

ಇನ್ನು ಬೆಕ್ಕಿನ ವಿಷಯ. 2024ರಲ್ಲಿ ರೀಸ್ ರಿಚರ್ಡ್‌ಸನ್ ಮತ್ತು ನಿಕ್ ವೈಸ್ ಎಂಬ ಇಬ್ಬರು, ದುಡ್ಡು ಕೊಟ್ಟರೆ ಸೈಟೇಶನ್ ಮಾರುವ ದಂಧೆ ಹೇಗೆ ನಡೆಯುತ್ತದೆ ಎಂದು ತೋರಿಸಲು ಹೊರಟರು. ರಿಚರ್ಡ್‌ಸನ್ ಅವರ ಅಜ್ಜಿಯ ಮನೆಯಲ್ಲಿ ಲ್ಯಾರಿ ಎಂಬ ಬೆಕ್ಕಿತ್ತು. ಅದರ ಹೆಸರಲ್ಲಿ 12 ಅರ್ಥವಿಲ್ಲದ ಗಣಿತದ ಪೇಪರ್ ಮಾಡಿದರು. ಒಂದೊಂದೂ ಆ ಹನ್ನೆರಡಕ್ಕೂ ಸೈಟೇಶನ್ ಕೊಡುವ ಹಾಗೆ ಇನ್ನೊಂದು 12 ಪೇಪರ್ ಮಾಡಿದರು. ಇಂಟರ್‌ನೆಟ್ಟಿಗೆ ಹಾಕಿ ಕಾದರು. ಪೇಪರ್ ಹುಡುಕಿ ಸೈಟೇಶನ್ ಎಣಿಸುವ ಗೂಗಲ್ ಸ್ಕಾಲರ್ ಎಂಬ ಮುಯ್ಯಿ ಗುಮಾಸ್ತ ಬಂದು ಒಂದನ್ನು ಬಿಟ್ಟು ಮಿಕ್ಕ ಎಲ್ಲವನ್ನೂ ಬರೆದುಕೊಂಡ. ಲ್ಯಾರಿಯ ಸೈಟೇಶನ್ 132. ಎಚ್-ಇಂಡೆಕ್ಸ್ 11. ಎಷ್ಟೋ ಲೆಕ್ಚರರ್‌ಗಳು ಬಡ್ತಿಗೆ ಅರ್ಜಿ ಹಾಕುವಾಗ ತಮ್ಮದು ಹನ್ನೊಂದಾದರೂ ಆಗಲಪ್ಪಾ ಎಂದು ಬೇಡಿಕೊಳ್ಳುತ್ತಿರುತ್ತಾರೆ. ಬೆಕ್ಕಿಗೆ ಗಂಟೆ ಕಟ್ಟೋರ್ಯಾರು ಅಂತ ಕೇಳುತ್ತಿದ್ದ ಕಾಲ ಹೋಯಿತು, ಈಗ ಶಾಲು ಹೊದಿಸೋರ್ಯಾರು ಅಂತ ಕೇಳಬೇಕು. ಆಮೇಲೆ ಗೂಗಲ್‌ನವರು ಆ ಸೈಟೇಶನ್‌ಗಳನ್ನು ಅಳಿಸಿದರು. ಲ್ಯಾರಿ ಅದರ ವಿರುದ್ಧ ಪತ್ರಿಕಾಗೋಷ್ಠಿ ಕರೆದ ಸುದ್ದಿ ಇಲ್ಲ.

ಅತಿ ಹೆಚ್ಚು ಸೈಟೇಶನ್ ಪಡೆದ ಬೆಕ್ಕು ಎಂದು ಲ್ಯಾರಿ ಮುರಿದ ದಾಖಲೆಯೂ ಇನ್ನೊಂದು ಬೆಕ್ಕಿನದೇ. 1975ರಲ್ಲಿ ಅಮೆರಿಕದ ಭೌತವಿಜ್ಞಾನಿ ಜಾಕ್ ಹೆದರಿಂಗ್ಟನ್ ಒಬ್ಬರೇ ಒಂದು ಪೇಪರ್ ಬರೆದು, ಉದ್ದಕ್ಕೂ ‘ನಾವು’ ಎಂದು ಟೈಪ್ ಮಾಡಿಬಿಟ್ಟಿದ್ದರು. ಒಬ್ಬರೇ ಲೇಖಕರಿದ್ದರೆ ‘ನಾವು’ ನಡೆಯುವುದಿಲ್ಲ ಎಂದು ಗೊತ್ತಾಯಿತು. ಪೂರ್ತಿ ಮತ್ತೆ ಟೈಪ್ ಮಾಡುವ ಬದಲು ತಮ್ಮ ಬೆಕ್ಕನ್ನು ಸಹಲೇಖಕ ಮಾಡಿಕೊಂಡರು. ಅದನ್ನು ನಾನು ಕ್ಷಮಿಸುತ್ತೇನೆ. ಆ ಪೇಪರಲ್ಲಿ ಭೌತವಿಜ್ಞಾನ ನಿಜವಾಗಿತ್ತು, ಬೆಕ್ಕೂ ನಿಜವಾಗಿತ್ತು.

ಗಣಿತದ ಬೆಕ್ಕಿನಿಂದ ಯಾರ ಪ್ರಾಣವೂ ಹೋಗುವುದಿಲ್ಲ ಅನ್ನಬಹುದು. ಕ್ಯಾನ್ಸರ್‌ಗೆ ಬನ್ನಿ. 2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ ಒಂದು ಕಟ್ಟುಕಥೆ ಪೇಪರ್ ಬರೆದರು. ಕಲ್ಲುಹೂವಿನಿಂದ ತೆಗೆದ ಪದಾರ್ಥ ಕ್ಯಾನ್ಸರ್ ಕೋಶಗಳನ್ನು ತಡೆಯುತ್ತದೆ ಅಂತ. ಹೌದು, ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವಿನ ಬಳಗದ್ದೇ. ಪ್ರಯೋಗದಲ್ಲಿ ತಪ್ಪುಗಳನ್ನು ಬೇಕಂತಲೇ ಎದ್ದು ಕಾಣುವಂತೆ ಇಟ್ಟರು. ಲೇಖಕ ಸುಳ್ಳು, ಅವನ ಸಂಸ್ಥೆಯೂ ಸುಳ್ಳು. 304 ಪತ್ರಿಕೆಗಳಿಗೆ ಕಳಿಸಿದರು. 157 ಪತ್ರಿಕೆಗಳು ಒಪ್ಪಿದವು, 98 ಮಾತ್ರ ಬೇಡ ಅಂದವು. ಈ ಪತ್ರಿಕೆಗಳ ದೊಡ್ಡ ಗುಂಪು ಯಾವ ದೇಶದಲ್ಲಿತ್ತು ಗೊತ್ತಾ? ನಮ್ಮದರಲ್ಲೇ. ಇದರಲ್ಲಾದರೂ ನಾವು ನಂಬರ್ ಒನ್, ಅದಕ್ಕೆ ಮಾತ್ರ ಯಾರೂ ಫ್ಲೆಕ್ಸ್ ಹಾಕಲಿಲ್ಲ.

‘ಟ್ಯೂಮರ್ ಬಯಾಲಜಿ’ ಎಂಬ ಪತ್ರಿಕೆಯ 107 ಪೇಪರ್‌ಗಳನ್ನು 2017ರಲ್ಲಿ ಒಂದೇ ಏಟಿಗೆ ವಾಪಸ್ ಪಡೆದರು. ಪೇಪರ್ ಪರಿಶೀಲಿಸಿದ ತಜ್ಞರ ಇಮೇಲ್‌ಗಳೇ ನಕಲಿ. ಪರೀಕ್ಷೆ ಬರೆದವರ ಕಡೆಯವರೇ ಉತ್ತರ ಪತ್ರಿಕೆ ತಿದ್ದಿ, ನೂರಕ್ಕೆ ನೂರು ಹಾಕಿಕೊಂಡಿದ್ದರು. ಕದ್ದ ಸಾಲು ಸಿಕ್ಕಿಬೀಳದಿರಲಿ ಎಂದು ಪದಗಳನ್ನೇ ಬದಲಿಸುವ ಸಾಫ್ಟ್‌ವೇರ್ ಬಳಸುವವರು ಬೇರೆ ಇದ್ದಾರೆ. ಅಂಥ ಪೇಪರ್‌ಗಳಲ್ಲಿ ಸ್ತನ ಕ್ಯಾನ್ಸರ್ ಹೋಗಿ ‘ಎದೆಯ ಗಂಡಾಂತರ’ ಎಂಬರ್ಥದ ಇಂಗ್ಲಿಷ್ ಬಂದಿದೆ. ಕಿಡ್ನಿ ವೈಫಲ್ಯ ‘ಕಿಡ್ನಿಯ ನಿರಾಸೆ’ ಆಗಿದೆ. ಪಾಪ, ಇದನ್ನೆಲ್ಲ ಓದಿದರೆ ಯಾವ ಕಿಡ್ನಿಗೆ ನಿರಾಸೆ ಆಗುವುದಿಲ್ಲ ಹೇಳಿ.

ಮೋಸವೇ ಇಲ್ಲದ ಕಡೆಯೂ ಲೆಕ್ಕ ವಿಚಿತ್ರವೇ. ಆಮ್ಜೆನ್ ಎಂಬ ಔಷಧ ಕಂಪನಿಯವರು ಕ್ಯಾನ್ಸರಿನ 53 ಮೈಲಿಗಲ್ಲು ಪೇಪರ್‌ಗಳನ್ನು ಮುಂದಿಟ್ಟುಕೊಂಡು, ಅದರಲ್ಲಿ ಹೇಳಿದಂತೆಯೇ ಪ್ರಯೋಗ ಮಾಡಿ ನೋಡಿದರು. 2012ರಲ್ಲಿ ಫಲಿತಾಂಶ ಹೇಳಿದರು. ಆರೇ ಆರು ನಿಜವಾದವು. ಐವತ್ಮೂರು ಅಡುಗೆಗೆ ಒಲೆ ಹಚ್ಚಿ ಆರು ಬೆಂದ ಹಾಗೆ. ಬೇಯದ ಪೇಪರ್‌ಗಳಿಗೆ ಸರಾಸರಿ ಸೈಟೇಶನ್ ಬೆಂದವಕ್ಕಿಂತ ಕಡಿಮೆಯೇನೂ ಇರಲಿಲ್ಲ, ಜಾಸ್ತಿಯೇ ಇತ್ತು.

ಮತ್ತೆ ಇಂಪ್ಯಾಕ್ಟ್ ಫ್ಯಾಕ್ಟರ್. ಒಂದು ಪತ್ರಿಕೆಯ ಹಿಂದಿನ ಎರಡು ವರ್ಷದ ಲೇಖನಗಳಿಗೆ ಈ ವರ್ಷ ಸರಾಸರಿ ಎಷ್ಟು ಸೈಟೇಶನ್ ಬಂತು ಎಂಬ ಲೆಕ್ಕ ಅದು. 2020ರಲ್ಲಿ ‘ನೇಚರ್’ ಪತ್ರಿಕೆಯದು 50ರ ಹತ್ತಿರ ಇತ್ತು. ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ‘ಸಿಎ’ ಪತ್ರಿಕೆಯದು 508! ಅಷ್ಟೊಂದು ಪ್ರಭಾವ ಬೀರಿದ ಆ ಲೇಖನಗಳಲ್ಲಿ ಏನಿರುತ್ತದೆ? ಹೊಸ ಔಷಧವಾ? ಅಲ್ಲ. ಈ ವರ್ಷ ಯಾವ ಕ್ಯಾನ್ಸರ್ ಎಷ್ಟು ಜನಕ್ಕೆ ಬಂತು, ಎಷ್ಟು ಜನ ಸತ್ತರು ಎಂಬ ಅಂಕಿಅಂಶ. ಪ್ರಪಂಚದ ಕ್ಯಾನ್ಸರ್ ಪೇಪರ್‌ಗಳೆಲ್ಲ ಮೊದಲ ಸಾಲಿನಲ್ಲಿ ‘ಇಷ್ಟು ಲಕ್ಷ ಜನ ಸಾಯುತ್ತಾರೆ’ ಎಂದು ಬರೆದು ಅದಕ್ಕೊಂದು ಸೈಟೇಶನ್ ಕೊಡುತ್ತವೆ. ಆ ಅಂಕಿಅಂಶ ಬೇಕೇ ಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೂ ಕ್ಯಾನ್ಸರ್ ಸಂಶೋಧನೆಯಲ್ಲಿ ಅತಿ ಹೆಚ್ಚು ಇಂಪ್ಯಾಕ್ಟ್ ಇರುವ ಲೇಖಕ ಚಿತ್ರಗುಪ್ತ ಎಂದಾಯಿತಲ್ಲ.

ಎರಡೇ ವರ್ಷದ ಈ ತಕ್ಕಡಿಯಲ್ಲಿ ಪೇಟನ್ ರೌಸ್‌ನನ್ನು ಕೂರಿಸಿ ನೋಡಿ. ಕೋಳಿಗಳಲ್ಲಿ ಒಂದು ಗೆಡ್ಡೆ ವೈರಸ್‌ನಿಂದ ಹರಡುತ್ತದೆ ಎಂದು ಆತ ತೋರಿಸಿದ್ದು 1911ರಲ್ಲಿ. ನೊಬೆಲ್ ಬಂದದ್ದು 1966ರಲ್ಲಿ. ಇಲ್ಲೇ ಪಕ್ಕದ ಆಂಧ್ರದಿಂದ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರ ಪ್ರಯೋಗಾಲಯದಿಂದ ಬಂದ ಅಮೈನೊಪ್ಟರಿನ್ ಮದ್ದಿನಿಂದಲೇ, 1948ರಲ್ಲಿ ಅಮೆರಿಕದ ವೈದ್ಯ ಸಿಡ್ನಿ ಫಾರ್ಬರ್ ಮಕ್ಕಳ ರಕ್ತ ಕ್ಯಾನ್ಸರನ್ನು ಮೊದಲ ಬಾರಿಗೆ ತಾತ್ಕಾಲಿಕವಾಗಿ ಹಿಮ್ಮೆಟ್ಟಿಸಿದ್ದು. ಆ ಹೆಸರಾಂತ ಪೇಪರಿನ ಲೇಖಕರ ಸಾಲಿನಲ್ಲಿ ಸುಬ್ಬರಾವ್ ಹೆಸರೇ ಇಲ್ಲ. ಇವತ್ತಿನ ಬಡ್ತಿ ಸಮಿತಿ ಮುಂದೆ ಬಂದಿದ್ದರೆ, “ನಿಮ್ದು ಇದರಲ್ಲಿ ಪಾಯಿಂಟ್ ಬರಲ್ಲ ಸುಬ್ಬರಾಯರೇ” ಎಂದು ಕಳಿಸುತ್ತಿದ್ದರು.

ಅರಿಶಿನದ ಕಥೆಯನ್ನು ಬಿಟ್ಟರೆ ನಮ್ಮ ವಾಟ್ಸಾಪ್ ಗುಂಪಿನವರು ಬೇಜಾರಾಗುತ್ತಾರೆ. ಹ್ಯೂಸ್ಟನ್‌ನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದಲ್ಲಿದ್ದ ಭರತ್ ಅಗರ್ವಾಲ್, ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಪದಾರ್ಥದ ಬಗ್ಗೆ ಬರೆದು ಪ್ರಪಂಚದ ಅತಿ ಹೆಚ್ಚು ಸೈಟೇಶನ್ ಪಡೆದವರ ಸಾಲಿಗೆ ಸೇರಿದವರು. ಆಮೇಲೆ ಅವರ ಸುಮಾರು 30 ಪೇಪರ್‌ಗಳನ್ನು ಪತ್ರಿಕೆಗಳು ವಾಪಸ್ ಪಡೆದವು. 2016ರಲ್ಲಿ ಒಂದೇ ಪತ್ರಿಕೆ ಏಳನ್ನು ಒಟ್ಟಿಗೆ ತೆಗೆಯಿತು. ಪೇಪರ್ ಹೋದರೂ ಸೈಟೇಶನ್ ಹೋಗುವುದಿಲ್ಲ, ಮದುವೆ ಮುರಿದರೆ ಮುಯ್ಯಿ ವಾಪಸ್ ಕೊಡುತ್ತಾರಾ? 2017ರಲ್ಲಿ ಒಂದು ತಂಡ ಅಲ್ಲಿವರೆಗಿನ ಕರ್ಕ್ಯುಮಿನ್ ಅಧ್ಯಯನಗಳನ್ನು ಗುಡ್ಡೆ ಹಾಕಿ ನೋಡಿತು. ನೂರಕ್ಕೂ ಹೆಚ್ಚು ಕ್ಲಿನಿಕಲ್ ಪ್ರಯೋಗಗಳು ನಡೆದಿದ್ದರೂ, ಕಟ್ಟುನಿಟ್ಟಿನ ಪರೀಕ್ಷೆಯಲ್ಲಿ ಗೆದ್ದದ್ದು ಒಂದೂ ಇಲ್ಲ ಅಂದಿತು. ಸಾರಿಗೆ ಹಾಕುವುದನ್ನು ನಿಲ್ಲಿಸಬೇಕಿಲ್ಲ. ಸಾರಿನಲ್ಲಿ ಅದರ ಇಂಪ್ಯಾಕ್ಟ್ ಬಗ್ಗೆ ಅನುಮಾನವೇ ಇಲ್ಲ.

ಸನ್ಮಾನಕ್ಕೆ ವಾಪಸ್ ಬರೋಣ. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಮೇಷ್ಟ್ರು ಒಳ್ಳೆಯವರೇ. ಪೇಟ ಕಣ್ಣಿಗೆ ಜಾರುತ್ತಿದ್ದರೂ ನಗುತ್ತಾ ಕೂತಿದ್ದರು. ಕೊನೆಗೆ ‘ಯಾರಾದರೂ ಪ್ರಶ್ನೆ ಕೇಳಬಹುದು’ ಎಂದರು. ಹಿಂದಿನ ಸಾಲಿನಿಂದ ಬಿಎಸ್‌ಸಿ ಹುಡುಗಿಯೊಬ್ಬಳು ಎದ್ದು ನಿಂತಳು.

“ಸರ್, ನಿಮ್ಮ ಪೇಪರ್‌ಗಳಲ್ಲಿ ಮೊದಲು ಯಾವುದನ್ನ ಓದ್ಬೇಕು?”

ಮೇಷ್ಟ್ರು ಪೇಟವನ್ನು ಮೇಲಕ್ಕೆ ಸರಿಸಿ ಅವಳನ್ನೇ ನೋಡಿದರು. ವೇದಿಕೆ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಓದೋದಾ?” ಅಂದರು ಮೇಷ್ಟ್ರು.

ಅಷ್ಟರಲ್ಲಿ ನಿರೂಪಕಿ ಮೈಕ್ ಹಿಡಿದು, ಸಮಯದ ಅಭಾವದಿಂದ ಪ್ರಶ್ನೋತ್ತರ ಇಲ್ಲಿಗೆ ಮುಗಿಸುತ್ತಿದ್ದೇವೆ, ಊಟದ ವ್ಯವಸ್ಥೆ ಹಿಂದಿನ ಹಾಲ್‌ನಲ್ಲಿದೆ ಎಂದಳು.